ನಾಲ್ಕನೆಯ ಟೇಕಿನ ನಲವತ್ತು ಸೆಕೆಂಡು

ಟೇಪು ತಿರುಗುತ್ತಿತ್ತು. ಹಾಡು ಮಾತ್ರ ಇರಲಿಲ್ಲ.

ಧ್ವನಿಮುದ್ರಣ ಮಾಡುವ ಹೋಲ್ಗರ್ ಲಿಂಡ್ ಗುಂಡಿ ಒತ್ತಿದ, ನಿಲ್ಲಿಸಿದ, ಮತ್ತೆ ಒತ್ತಿದ. ಸ್ಪೀಕರಿನಿಂದ ಬಂದದ್ದು ಬರೀ ಸುಯ್ಯೆನ್ನುವ ಸದ್ದು. ಮೊದಲನೆಯ ಸುರುಳಿ ಖಾಲಿ. ಎರಡನೆಯದೂ ಖಾಲಿ.

"ಮಿಸ್ ಕ್ರೋವೆಲ್... ಯಾರೋ ಅಳಿಸಿಬಿಟ್ಟಿದಾರೆ."

ಡೆಲ್ಫೀನ್ ಕ್ರೋವೆಲ್ ಬಾಯಿ ತೆರೆದಳು. ಏನೂ ಹೊರಡಲಿಲ್ಲ. ಹೊರಡುವುದಾದರೂ ಹೇಗೆ? ಹದಿನೈದು ದಿನದ ಹಿಂದೆ, ಒಂದು ಶುಕ್ರವಾರ, ಇದೇ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಯ ಜೊತೆಗೆ ಅವಳ ದನಿಪೆಟ್ಟಿಗೆಯನ್ನೂ ಕೊಯ್ದು ತೆಗೆದಿದ್ದರು. ಈಗ ಕೊರಳಿನ ತೂತಿನಲ್ಲಿ ಒಂದು ಕೊಳವೆ, ತೊಡೆಯ ಮೇಲೊಂದು ಸ್ಲೇಟು.

ಆಪರೇಷನ್ನಿಗೆ ಮುಂಚಿನ ಮೂರು ದಿನ ಅವಳು ಇಲ್ಲೇ, ಹಳೇ ಚರ್ಚಿನೊಳಗೆ ಕಟ್ಟಿದ ಈ ಸ್ಟುಡಿಯೋದಲ್ಲೇ ನಿಂತು ಹನ್ನೆರಡು ಹಾಡು ಹಾಡಿದ್ದಳು. ಬ್ರಾಡ್‌ವೇ ನಾಟಕಗಳ ಹಳೆಯ ಹಾಡುಗಳು, ಊರಿಗೆ ಹಾಲು ಹಾಕುವವನಿಗೂ ಬಾಯಿಗೆ ಬರುವಂಥವು. ನೂರು ಜನ ಹಾಡಿದ್ದನ್ನೇ ಹಾಡಿ, ಇನ್ನು ಇದು ನನ್ನದು ಅನ್ನಿಸಿಬಿಡುವುದು ಅವಳ ಜಂಬ. ಇಪ್ಪತ್ತೈದು ವರ್ಷ ಬೇರೆಯವರ ಬ್ಯಾಂಡಿನಲ್ಲಿ ನಡುವೆ ನಾಲ್ಕು ಸಾಲು ಹಾಡಿದವಳಿಗೆ ತನ್ನದೇ ಹೆಸರಿನ ರೆಕಾರ್ಡು ಇದೊಂದೇ, ಮೊದಲನೆಯದು, ಕೊನೆಯದು. ಜಂಬಕ್ಕೆ ತಕ್ಕ ನಿಯಮವೂ ಇತ್ತು: ತಾನು ಕೂತು ಕೇಳಿ, ಬೇಕಾದ್ದನ್ನು ಆರಿಸುವ ತನಕ ಯಾರೂ ಟೇಪು ಮುಟ್ಟಬಾರದು, ನಕಲೂ ತೆಗೆಯಬಾರದು. ಆ ನಿಯಮ ಈಗ ಅವಳ ಕುತ್ತಿಗೆಗೇ ಬಂತು.

ರೆಕಾರ್ಡು ಕಂಪನಿಯವರು ವಿಚಾರಣೆಗೆ ಪೆಟಿಗ್ರೂನನ್ನು ಕಳಿಸಿದರು. ಹಾರ್ಲೆಮ್ಮಿನಲ್ಲಿ ಮೂವತ್ತು ವರ್ಷ ಪೊಲೀಸನಾಗಿದ್ದ ದಪ್ಪ ಮನುಷ್ಯ. ಬಾಯಲ್ಲಿ ಸದಾ ಒಂದು ಪೆಪ್ಪರಮಿಂಟು. ಪಿಯಾನೋ ಬಾರಿಸಿದ್ದ ಲಯೊನೆಲ್ ಬ್ಯಾಸ್ಕಂನನ್ನೂ ಕರೆಸಿಕೊಂಡ.

"ಒಂದು ಸುರುಳಿ ಅಳಿಸೋಕೆ ಎಷ್ಟು ಹೊತ್ತು ಬೇಕು?" ಎಂದ ಪೆಟಿಗ್ರೂ.

"ಕಪಾಟಿನಲ್ಲಿ ದೊಡ್ಡ ಅಯಸ್ಕಾಂತ ಇದೆ ಸಾರ್," ಎಂದ ಹೋಲ್ಗರ್. "ಅದರ ಮೇಲೆ ಇಟ್ಟು ತಿರುಗಿಸಿದರೆ ಅರ್ಧ ನಿಮಿಷ. ಆದರೆ ಇದು ಅದರಲ್ಲಿ ಅಳಿಸಿದ್ದಲ್ಲ."

"ಹೇಗೆ ಹೇಳ್ತೀರಿ?"

"ಮೂರನೇ ಸುರುಳಿಯಲ್ಲಿ ನಲವತ್ತು ಸೆಕೆಂಡು ಉಳಿದಿದೆ. ಅಯಸ್ಕಾಂತ ಏನನ್ನೂ ಉಳಿಸಲ್ಲ. ಯಾರೋ ಮಿಷನ್ನಿಗೆ ಹಾಕಿ, ಮುದ್ರಣದ ಕೆಂಪು ಗುಂಡಿ ಒತ್ತಿ, ನಿಧಾನಕ್ಕೆ ಅಳಿಸಿದಾರೆ. ಹಾಡೋಕೆ ಎಷ್ಟು ಹೊತ್ತೋ ಅಳಿಸೋಕೂ ಅಷ್ಟೇ. ಮೂರಕ್ಕೂ ಸೇರಿ ಒಂದೂವರೆ ಗಂಟೆ."

"ಹಾಕಿ, ಕೇಳೋಣ."

ನಲವತ್ತು ಸೆಕೆಂಡು ಪಿಯಾನೋ ಒಂದೇ ನುಡಿಯಿತು. ಹಾಡಿನ ನಡುವೆ ಹಾಡುಗಾರ್ತಿ ಸುಮ್ಮನಿರುವ ಜಾಗ. ಹಿಂದೆ ಮುಂದೆ ಬರೀ ಸುಯ್. ಎಲ್ಲರ ಕಣ್ಣೂ ಲಯೊನೆಲ್ ಕಡೆ ಹೊರಳಿದವು.

"ಓಹೋ! ನನ್ನ ಪಿಯಾನೋ ಉಳಿದಿದೆ, ಅದಕ್ಕೆ ನಾನೇ ಕಳ್ಳನಾ?" ಅವನು ನಕ್ಕ. "ಸರಿಯಾಗಿ ಕೇಳ್ರೀ. ಎರಡು ಕಡೆ ಬೆರಳು ಜಾರಿದೆ. ಇದು ಆ ಹಾಡನ್ನ ನಾಲ್ಕನೇ ಸಲ ಮುದ್ರಿಸಿದ್ದು, ನಾಲ್ಕನೇ ಟೇಕು, ದರಿದ್ರದ್ದು. ಆರನೇದು ಕೇಳಬೇಕಿತ್ತು ನೀವು! ಉಳಿಸಿಕೊಳ್ಳೋ ಹಾಗಿದ್ದರೆ ಅದನ್ನ ಉಳಿಸ್ಕೋತಿದ್ದೆ."

"ಹಾಡೋ ಹೊಸ ಹುಡುಗಿ ಜೊತೆ ಪ್ಯಾರಿಸ್ಸಿಗೆ ಹೊರಟಿದೀರಂತೆ?"

"ಹೊರಟಿದೀನಿ. ಮತ್ತಿನ್ನೇನು? ದನಿ ಇಲ್ಲದವಳ ಪಕ್ಕ ಕೂತು ಏನು ಬಾರಿಸಲಿ?"

ಡೆಲ್ಫೀನ್ ಅವನನ್ನೇ ನೋಡಿದಳು. ಹನ್ನೊಂದು ವರ್ಷ ಅವಳ ಉಸಿರು ನೋಡಿಕೊಂಡು ಬಾರಿಸಿದವನು. ಅವನು ಕಣ್ಣು ತಪ್ಪಿಸಲೂ ಇಲ್ಲ.

"ಡೆಲ್, ಸೂಪು ಆರಿಹೋಗತ್ತೆ," ಎಂದಳು ಹಿಂದೆ ನಿಂತಿದ್ದ ಓಪಲ್.

ಓಪಲ್ ಅವಳ ತಂಗಿ. ಜಾರ್ಜಿಯಾದ ಚರ್ಚಿನಲ್ಲಿ ಚಿಕ್ಕಂದಿನಲ್ಲಿ ಇಬ್ಬರೂ ಜೋಡಿಯಾಗಿ ಹಾಡುತ್ತಿದ್ದರು, ಅಕ್ಕ ಮೇಲಿನ ದನಿ, ತಂಗಿ ಕೆಳಗಿನ ದನಿ. ಹತ್ತೊಂಬತ್ತಕ್ಕೆ ಡೆಲ್ಫೀನ್ ಒಬ್ಬಳೇ ನ್ಯೂಯಾರ್ಕಿನ ರೈಲು ಹತ್ತಿದಳು. ಓಪಲ್ ಆಮೇಲೆ ಬಂದಳು, ಅಕ್ಕನ ಬಟ್ಟೆ ಇಸ್ತ್ರಿ ಮಾಡಲು, ಅಡಿಗೆ ಮಾಡಲು. ಈಗಲೂ ಫ್ಲಾಸ್ಕಿನಿಂದ ಸೂಪು ಬಗ್ಗಿಸುವಾಗ ತನಗೇ ಗೊತ್ತಿಲ್ಲದ ಹಾಗೆ ಗುನುಗುತ್ತಿದ್ದಳು. ಅದು ಅವಳ ಹಳೇ ಚಾಳಿ.

ಪೆಟಿಗ್ರೂ ಅವಳತ್ತ ತಲೆಯೆತ್ತಿ ನೋಡಿ, ಹೋಲ್ಗರ್ ಕಡೆ ತಿರುಗಿದ.

"ಆ ಮೂರು ದಿನ ಒಳಗೆ ಯಾರ್ಯಾರಿದ್ದರು?"

"ನಾನು, ಮಿಸ್ ಕ್ರೋವೆಲ್, ಲಯೊನೆಲ್, ದೊಡ್ಡ ಬಾಸ್ ಪಿಟೀಲು ಹಿಡಿಯೋನು, ಡ್ರಮ್ಮಿನವನು. ಐದೇ ಜನ."

"ಆಮೇಲೆ ಸ್ಟುಡಿಯೋ ಯಾವತ್ತು ಖಾಲಿ ಇತ್ತು?"

"ಆಪರೇಷನ್ ದಿನ, ಶುಕ್ರವಾರ. ನಾನು ನನ್ನ ತಂಗಿ ಮದುವೆಗೆ ಹೋಗಿದ್ದೆ. ಈ ಲಯೊನೆಲ್ ಬಾಸ್ಟನ್ನಿನಲ್ಲಿ ಬಾರಿಸ್ತಿದ್ದ, ಪೇಪರಿನಲ್ಲೂ ಬಂದಿದೆ. ಮಿಕ್ಕ ದಿನ ಎಲ್ಲಾ ಬೆಳಗಿಂದ ರಾತ್ರಿವರೆಗೂ ನಾನು ಇಲ್ಲೇ."

ಪೆಟಿಗ್ರೂ ಟೇಕುಗಳ ಹಾಳೆ ಎತ್ತಿಕೊಂಡ. ಪ್ರತಿ ಟೇಕಿನ ಮುಂದೆಯೂ ಹೋಲ್ಗರ್ ಒಂದು ಮಾತು ಗೀಚಿದ್ದ. ನಾಲ್ಕರ ಮುಂದೆ: ಹಾಳು, ಮೈಕಿನಲ್ಲಿ ಸದ್ದು.

"ಏನು ಸದ್ದು?"

"ನೆನಪಿಲ್ಲ ಸಾರ್. ಕುರ್ಚಿ ಕಿರುಗುಟ್ಟಿರಬೇಕು."

"ಇನ್ನೊಂದು ಸಲ ಹಾಕಿ. ಮಿಸ್ ಕ್ರೋವೆಲ್, ಪಿಯಾನೋ ಬಿಟ್ಟುಬಿಡಿ. ಅದರ ಹಿಂದೆ ಏನಿದೆ, ಅದನ್ನ ಕೇಳಿ."

ಡೆಲ್ಫೀನ್ ಕಣ್ಣು ಮುಚ್ಚಿದಳು. ಪಿಯಾನೋದ ಅಡಿಯಲ್ಲಿ, ತೀರ ಸಣ್ಣಗೆ, ಮಾತಿಲ್ಲದ ಒಂದು ಗುನುಗು. ಕೆಳಗಿನ ದನಿ. ಏಳು ವರ್ಷದವಳಿದ್ದಾಗಿಂದ ಪಕ್ಕದಲ್ಲಿ ಕೇಳಿದ್ದ ದನಿ. ಅವಳ ಕೈಯ ಬಳಪ ಮುರಿಯಿತು.

ಹಿಂದೆ ಸೂಪು ಬಗ್ಗಿಸುವ ಸದ್ದು ನಿಂತಿತ್ತು.

"ಐದು ಜನ ಅಂದಿರಿ," ಎಂದ ಪೆಟಿಗ್ರೂ. "ಇವರಿಗೆ ಜೇನುನೀರು ಕಾಯಿಸಿ ತಂದು ಕೊಡ್ತಿದ್ದೋರು ಯಾರು?"

"ಅದು... ಓಪಲ್ ಅಲ್ವಾ?"

"ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹೀಟರು ಹಚ್ಚೋಕೆ ಅವರಿಗೆ ಕೀಲಿ ಕೊಟ್ಟೋರು?"

"ಅಯ್ಯೋ ದೇವರೇ! ನಾನೇ ಕೊಟ್ಟಿದ್ದೆ. ವಾಪಸ್ ಇಸ್ಕೊಳ್ಳೋಕೇ ಮರೆತೆ."

"ಡ್ರಮ್ಮಿನವನನ್ನ ಆಗಲೇ ವಿಚಾರಿಸಿದೀನಿ. ಮಿಷನ್ನಿನ ಪಕ್ಕ ಕೂತು ಹೆಣೀತಾ, ಯಾವ ಗುಂಡಿ ಒತ್ತಿದರೆ ಏನಾಗತ್ತೆ ಅಂತ ನೋಡ್ತಿದ್ದೋರೂ ಅವರೇ. ನಾಲ್ಕನೇ ಟೇಕಿನಲ್ಲಿ ಜೇನುನೀರು ಹಿಡ್ಕೊಂಡು ಒಳಗೆ ಬಂದರು, ಮೈಕಿನ ಹತ್ತಿರ ಗುನುಗಿದರು, ಟೇಕು ಹಾಳಾಯ್ತು. ಅಳಿಸಿದೋರಿಗೆ ಪಿಯಾನೋ ಬೇಕಿರಲಿಲ್ಲ ಕಣ್ರೀ. ಈ ಗುನುಗು ಬೇಕಿತ್ತು. ಅದಕ್ಕೇ ಅಯಸ್ಕಾಂತ ಬಿಟ್ಟು ಒಂದೂವರೆ ಗಂಟೆ ಕೂತರು. ಹೋಲ್ಗರ್, ನೀವು ಟೇಪಿನ ಮೇಲೆ ಹಾಕೋ ಹಾಗೇ ಹಳದಿ ಮೇಣದ ಪೆನ್ಸಿಲ್ಲಿನಲ್ಲಿ ಈ ತುಂಡಿನ ಎರಡೂ ತುದಿಗೆ ಗುರುತು ಹಾಕಿದಾರೆ, ನೋಡಿ."

"ಸುಳ್ಳು!" ಎಂದಳು ಓಪಲ್. "ಆವತ್ತು ಇಡೀ ದಿನ ಆಪರೇಷನ್ ಕೋಣೆ ಹೊರಗೆ ಕೂತಿದ್ದೆ. ಡೆಲ್, ನೀನೇ ಹೇಳು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಇರಲಿಲ್ವಾ ನಾನು?"

ಇದ್ದಳು. ಹಣೆ ಸವರುತ್ತಿದ್ದಳು. ಅವಳ ಬೆರಳ ತುದಿಯಲ್ಲಿ ಹಳದಿ ಅಂಟಿತ್ತು. ಡೆಲ್ಫೀನ್ ಅದನ್ನೇ ನೋಡುತ್ತಿದ್ದಾಗ, "ಕ್ಯಾಂಟೀನಿನ ಬ್ರೆಡ್ಡಿಗೆ ಹಚ್ಚಿದ್ದ ಸಾಸಿವೆ ಗೊಜ್ಜು" ಎಂದು ಓಪಲ್ ಒರೆಸಿಕೊಂಡಿದ್ದಳು. ಡೆಲ್ಫೀನ್ ಮುರಿದ ಬಳಪದಿಂದ ಸ್ಲೇಟಿನ ಮೇಲೆ ಒಂದೇ ಮಾತು ಬರೆದು ತಂಗಿಯ ಕಡೆ ತಿರುಗಿಸಿದಳು: "ಸಾಸಿವೆ?"

ಓಪಲ್ ಅದನ್ನು ಓದಿ ಫ್ಲಾಸ್ಕು ಕೆಳಗಿಟ್ಟಳು. ಆಮೇಲೆ ಅವಳ ಮುಖದಿಂದ ಆಳುತನ ಕಳಚಿ ಬಿತ್ತು.

"ಹೂಂ, ನಾನೇ. ಅಲ್ಲಿ ಅವರು ನಿನ್ನ ಗಂಟಲು ಕೊಯ್ತಿದ್ದರು, ಇಲ್ಲಿ ನಾನು. ನಾಲ್ಕನೇ ಟೇಕು ಕೆಟ್ಟಾಗ ನೀನು ಏನಂದೆ, ನೆನಪಿದೆಯಾ? 'ಈ ಹಸುವನ್ನ ಯಾರಾದ್ರೂ ಹೊರಗೆ ಕಟ್ಟಿ ಬನ್ನಿ' ಅಂದೆ. ಎಲ್ಲರೂ ನಕ್ಕರು. ಈ ಹೋಲ್ಗರೂ ನಕ್ಕ. ಈಗ ಕುರ್ಚಿ ಅಂತಾನೆ! ದನಿ ಇದ್ದೂ ಇಲ್ಲದ ಹಾಗೆ ಇಪ್ಪತ್ತೈದು ವರ್ಷ ಇದ್ದೆ, ಡೆಲ್. ನೀನೂ ಇರು. ಹೇಗಿರತ್ತೆ ನೋಡು."

ಡೆಲ್ಫೀನಿಗೆ ನೆನಪಿತ್ತು. ಒಳ್ಳೆ ತಮಾಷೆ ಮಾಡಿದೆ ಎಂದು ಆವತ್ತು ಅವಳಿಗೂ ಖುಷಿಯಾಗಿತ್ತು. ಈಗ ಕೂಗಬೇಕು, ಶಪಿಸಬೇಕು, ಆದರೆ ಯಾವುದರಲ್ಲಿ? ಕೊಳವೆಯಲ್ಲಿ ಗಾಳಿ ಮಾತ್ರ ಬುಸುಗುಟ್ಟಿತು. ಅವಳು ಎದ್ದು ಮಿಷನ್ನಿನ ಹತ್ತಿರ ಹೋದಳು. ಸುರುಳಿಯನ್ನು ಹಳದಿ ಗುರುತಿಗೆ ತಂದು ನಿಲ್ಲಿಸಿದಳು.

"ಮಿಸ್ ಕ್ರೋವೆಲ್, ಅದು ಸಾಕ್ಷಿ!" ಎಂದ ಪೆಟಿಗ್ರೂ.

"ಡೆಲ್, ಬೇಡ!" ಓಪಲ್ ಓಡಿ ಬಂದು ಅವಳ ಮೊಳಕೈ ಹಿಡಿದಳು. "ನಿನ್ನ ಕಾಲಿಗೆ ಬೀಳ್ತೀನಿ ಕಣೆ, ಅದೊಂದನ್ನ ಬಿಡು. ಈ ಭೂಮಿ ಮೇಲೆ ನನ್ನದು ಅಂತ ಇರೋದು ಅದೊಂದೇ!"

ಡೆಲ್ಫೀನ್ ಕೈ ಕೊಡವಿಕೊಂಡು ಕೆಂಪು ಗುಂಡಿ ಒತ್ತಿದಳು. ನಲವತ್ತು ಸೆಕೆಂಡು ತಂಗಿಯ ಮುಖವನ್ನೇ ನೋಡುತ್ತ ನಿಂತಳು. ಟೇಪು ತಿರುಗಿತು. ಎರಡನೆಯ ಹಳದಿ ಗುರುತೂ ದಾಟಿ ಹೋಯಿತು.

"ಪೊಲೀಸರನ್ನ ಕರೀಲಾ?" ಪೆಟಿಗ್ರೂ ಮೆಲ್ಲಗೆ ಕೇಳಿದ.

ಅವಳು ಸ್ಲೇಟು ಒರೆಸಿ ಬರೆದಳು: "ಬೇಡ. ಮನೆಗೆ ಬರಲಿ. ಕೊಳವೆ ತೊಳೆಯೋಕೆ ಆಳು ಬೇಕು." ಕೆಳಗೆ ಇನ್ನೊಂದು ಮಾತು ಸೇರಿಸಿದಳು: "ಗುನುಗಕೂಡದು."

ಓಪಲ್ ಎರಡೂ ಸಾಲು ಓದಿದಳು. ಫ್ಲಾಸ್ಕು ಎತ್ತಿಕೊಂಡು, ಬಟ್ಟಲಿಗೆ ಸೂಪು ಬಗ್ಗಿಸಿ, ತುಟಿ ಬಿಗಿಹಿಡಿದು ಅಕ್ಕನ ಮುಂದೆ ಚಮಚ ಚಾಚಿದಳು. ಡೆಲ್ಫೀನ್ ಬಾಯಿ ತೆರೆದಳು.