ಮೊಳೆಗೆ ತೂಗುಹಾಕಿದ ಬೆಲ್ಟು

ಕೊಟ್ರೇಶ ಲಕ್ಷ್ಮೇಶ್ವರದಲ್ಲಿ ಕೊಂಡ ಹಳೆಯ ಕಾರನ್ನು ಬೆಟಗೇರಿಯ ನನ್ನ ಗ್ಯಾರೇಜಿಗೆ ತಂದ. ಎಂಜಿನ್ ಕಿರ್ರೆಂದು ಚೀರುತ್ತಿತ್ತು.

"ಕಾಕಾ, ನಾಳಿಗಿ ಮುಂಡರಗಿಯಿಂದ ಬಾಣಂತಿನ್ನ, ಕೂಸಿನ್ನ ಇದರಾಗ ಕರ್ಕೊಂಡ ಬರಬೇಕು. ಜಲ್ದಿ ನೋಡ್ರಿ."

ಎಂಜಿನ್ನಿನ ಬೆಲ್ಟು ಜಾರಿ ಚೀರುತ್ತಿರಬೇಕೆಂದು ಅದಕ್ಕೆ ನೀರು ಚಿಮುಕಿಸಿದೆ, ಸದ್ದು ನಿಲ್ಲಲಿಲ್ಲ. ಬೆಲ್ಟನ್ನೇ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿ ಚಾಲೂ ಮಾಡಿದೆ, ಅದೇ ಸದ್ದು. ಬಂದ್ ಮಾಡಿ, ನನ್ನ ರೂಢಿಯಂತೆ ಉದ್ದನೆಯ ಸ್ಕ್ರೂಡ್ರೈವರ್ ಎಂಜಿನ್ನಿಗೆ ಹಚ್ಚಿ ಹಿಡಿಕೆಗೆ ಕಿವಿ ಕೊಟ್ಟೆ. ಬಂದ್ ಆಗಿದ್ದರೂ ಒಳಗೆ ಚೀರುತ್ತಲೇ ಇತ್ತು. ಅಷ್ಟು ದೂರ ಓಡಿ ಬಂದ ಎಂಜಿನ್ ಮುಟ್ಟಿದರೆ ತಣ್ಣಗಿತ್ತು.

"ಒಳಗ ಇನ್ನೂ ಚೀರಾಕತ್ತೇತಿ. ಕೂಸಿನ್ನ ಬಸ್ಸಿನ್ಯಾಗ ಕರ್ಕೊಂಡ ಬಾರಪಾ."

"ನಿಮ್ಮ ಕಿವಿಗೆ ವಯಸ್ಸಾಗೇತಿ ಬಿಡ್ರಿ," ಎಂದು ನಕ್ಕು ತಾನೂ ಕಿವಿಗೊಟ್ಟ. ಮರುದಿನ ಬಸ್ಸಿಗೇ ಹೋದ.

ಎರಡು ವರ್ಷವಾಯಿತು. ಕಾರು ಗುಜರಿಗೆ ಹೋಯಿತು. ಬೆಲ್ಟು ಅದೇ ಮೊಳೆಯಲ್ಲಿದೆ. ಈಗಲೂ ಮುಟ್ಟಿದರೆ, ಆಗಷ್ಟೇ ಓಡಿ ನಿಂತಂತೆ ಬಿಸಿ.