ಮೂರು ದಿನದಲ್ಲಿ ಬರುತ್ತೇವೆ

"ಮುಟ್ಬೇಡಿ!"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅವಳ ಎದೆ ಧಸಕ್ಕೆಂದಿತು. ಗೋಡೆ ಗಡಿಯಾರದತ್ತ ಚಾಚಿದ್ದ ಕೈ ಅಲ್ಲೇ ನಿಂತಿತು.

ಟಿಕ್... ಟಿಕ್... ಟಿಕ್...

ಇಪ್ಪತ್ತೆರಡು ವರ್ಷಗಳಿಂದ ನರಪಿಳ್ಳೆಯೂ ಇಲ್ಲದ ಊರು ಇದು. ಅಣುಸ್ಥಾವರದಲ್ಲಿ ಅವಘಡವಾದಾಗ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಗಿತ್ತು. ಮಂಚದ ಮೇಲೆ ಅರ್ಧ ಮಡಚಿದ ಹೊದಿಕೆ, ಮೇಜಿನ ಮೇಲೆ ತೆರೆದಿಟ್ಟ ಶಾಲೆಯ ಪುಸ್ತಕ, ಎಲ್ಲದರ ಮೇಲೂ ದಪ್ಪ ಧೂಳು. ಆದರೆ ಗಡಿಯಾರದ ಮೇಲೆ ಒಂದು ಚೂರೂ ಧೂಳಿಲ್ಲ. ಅದು ಸರಿಯಾದ ಹೊತ್ತು ತೋರಿಸುತ್ತಿತ್ತು!

"ಇದಕ್ಕೆ... ಯಾರು ಕೀ ಕೊಡೋದು?"

ಜೊತೆಗೆ ಬಂದಿದ್ದವನು ಹತ್ತಿರ ಬಂದ. ವಿಕಿರಣ ಮಾಪಕವನ್ನು ಅವಳ ಕೈಗವಸಿನತ್ತ ಹಿಡಿದ. ಅದು ಮೆಲ್ಲಗೆ ಕಟಕಟ ಅಂದಿತು.

"ಗ್ಲೌಸ್ ಬದಲಾಯಿಸ್ಕೊಳ್ಳಿ. ನಾಲ್ಕಕ್ಕೆ ಸೈರನ್. ಅಷ್ಟರಲ್ಲಿ ಗೇಟ್ ದಾಟಿರ್ಬೇಕು."

ಅವನು ಆ ನಿಷೇಧಿತ ವಲಯದ ಅಳತೆಗಾರ. ನೋಡಲು ಬಂದವರ ಜೊತೆ ಹೋಗಿ ವಿಕಿರಣ ಅಳೆಯುವುದು, ಒಳಗಿನ ಒಂದು ಹುಲ್ಲುಕಡ್ಡಿಯೂ ಆಚೆ ಹೋಗದಂತೆ ಕಾಯುವುದು ಅವನ ಕೆಲಸ. ಮಾತನ್ನೂ ಅಳೆದೇ ಆಡುವ ಆಸಾಮಿ!

ಅವಳಿಗೋ, ಜನ ಬಿಟ್ಟುಹೋದ ಜಾಗಗಳನ್ನು ಹುಡುಕಿಕೊಂಡು ಹೋಗಿ ಫೋಟೋ ತೆಗೆಯುವ ಹುಚ್ಚು. ಕಂಡ ಕಂಡ ಕಿಟಕಿಯಲ್ಲಿ ಇಣುಕುತ್ತಾಳೆಂದು ಅಕ್ಕ 'ಇಣುಕಿ' ಅಂತಲೇ ಕರೆಯುತ್ತಿದ್ದಳು. ಅವಳ ಫೋಟೋಗಳಿಗೆ ಆನ್‌ಲೈನ್‌ನಲ್ಲಿ ಸಾವಿರಾರು ಜನ ಕಾಯುತ್ತಿದ್ದರು.

ಪಕ್ಕದ ಮನೆಯ ಬಟ್ಟಲಿನಲ್ಲಿ ತಿಳಿ ನೀರು. ಬೆಕ್ಕಿನ ಬಟ್ಟಲು... ಬೆಕ್ಕು ಮಾತ್ರ ಎಲ್ಲೂ ಇಲ್ಲ. ಮೂರನೇ ಮಹಡಿಗೆ ಹತ್ತಿದರೆ ಕಿಟಕಿಯಲ್ಲಿ ಒಂದು ಹೂಕುಂಡ. ಅದರಲ್ಲಿ ಹಸಿರು ಚಿಗುರು! ಅವಳು ಬಗ್ಗಿ ನೋಡಿದಳು. ಮಣ್ಣು ಒದ್ದೆಯಾಗಿತ್ತು.

ಯಾರೋ ಈಗಷ್ಟೇ ಎದ್ದು ಒಳಗೆ ಹೋಗಿದ್ದಾರೆ... ಈಗ ಬರುತ್ತಾರೆ...

ಮೈ ಜುಮ್ಮೆಂದಿತು. ತಾನು ಅಳತೆಗಾರನ ತೋಳು ಹಿಡಿದಿದ್ದೇನೆಂದು ಅವಳಿಗೆ ತಿಳಿದದ್ದೇ ತಡವಾಗಿ. ಅವನು ಬಿಡಿಸಿಕೊಂಡಿರಲಿಲ್ಲ. ಆ ಹೆದರಿಕೆಯಲ್ಲೂ ಅವಳ ಕೆನ್ನೆ ಬಿಸಿಯಾಯಿತು.

ಆಗಲೇ ಅವನ ಚೀಲದಿಂದ ಇಣುಕುತ್ತಿದ್ದ ನೀರಿನ ಬಾಟಲಿ ಕಂಡಿತು. ಅದರ ಪಕ್ಕದಲ್ಲೇ ಗಡಿಯಾರದ ಹಿತ್ತಾಳೆ ಕೀಲಿ.

"ಇದೆಲ್ಲಾ ನೀವೇ ಮಾಡೋದಾ?"

ಅವನು ಚೀಲದ ಬಾಯಿ ಮುಚ್ಚಿದ.

"ಫೋಟೋ ಚೆನ್ನಾಗಿ ಬರ್ಲಿ, ನಾವೆಲ್ಲ ಹೆದರ್ಲಿ ಅಂತಾನಾ? ಬೇರೆ ಕಡೆ ಕಿಟಕೀಲಿ ಗೊಂಬೆ ಕೂರಿಸ್ತಾರೆ. ನೀವು ಗಡಿಯಾರಕ್ಕೆ ಕೀ ಕೊಡ್ತೀರಿ!"

ಅವನ ಮುಖ ಸಪ್ಪಗಾಯಿತು. "ನಿಮಗೆ ಹಾಗನ್ನಿಸಿದ್ರೆ... ಹಾಗೇ ಇರ್ಲಿ."

ಇಂಥವನ ತೋಳು ಹಿಡಿದೆನಲ್ಲ! ಆ ಸಿಟ್ಟಿನಲ್ಲೇ ಅವಳು ಎಲ್ಲವನ್ನೂ ಆನ್‌ಲೈನ್‌ನಲ್ಲಿ ಬರೆದು ಹಾಕಿದಳು, ವಲಯದ ಕಚೇರಿಗೂ ದೂರು ಕಳಿಸಿದಳು.

ಗುರುವಾರ ಬೆಳಗ್ಗೆ ಉತ್ತರ ಬಂತು. ಭಾನುವಾರ ಅಳತೆಗಾರ ಪಾಸ್ ಒಪ್ಪಿಸಿ ಕೆಲಸ ಬಿಡಬೇಕು. ಗೆದ್ದೆನೆಂದು ಅವಳು ಅಕ್ಕನಿಗೆ ಫೋಟೋ ತೋರಿಸುತ್ತಿದ್ದಳು. ಅಕ್ಕ ಒಂದು ಚಿತ್ರವನ್ನು ದೊಡ್ಡದು ಮಾಡಿದಳು.

"ಲೇ ಇಣುಕಿ, ಬಾಗಿಲ ಮೇಲಿರೋ ಚೀಟಿ ಓದಿದ್ಯಾ?"

ಕ್ಯಾಮೆರಾ ಹಿಡಿದು ಒಳಗೆ ನುಗ್ಗುವ ಅವಸರದಲ್ಲಿ ಅವಳು ಬಾಗಿಲುಗಳ ಫೋಟೋ ತೆಗೆದಿದ್ದಳೇ ಹೊರತು ಚೀಟಿ ಓದಿರಲಿಲ್ಲ.

'ಮೂರು ದಿನದಲ್ಲಿ ಬರುತ್ತೇವೆ. ದಯವಿಟ್ಟು ಬೆಕ್ಕಿಗೆ ನೀರಿಡಿ.'

'ಮೂರು ದಿನ ಅಂದಿದ್ದಾರೆ. ಯಾರಾದರೂ ಗಿಡಕ್ಕೆ ನೀರು ಹಾಕಿ.'

ಗಡಿಯಾರದ ಮನೆಯ ಚೀಟಿ: 'ಮಗನೇ, ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಾರೆ. ಮೂರು ದಿನದಲ್ಲಿ ಬರುತ್ತೇನೆ. ಭಾನುವಾರ ಗಡಿಯಾರಕ್ಕೆ ಕೀ ಕೊಡೋದು ಮರೀಬೇಡ. ಅಮ್ಮ.'

ಅವಳಿಗೆ ನಿಂತ ನೆಲವೇ ಕುಸಿದಂತಾಯಿತು. ಅಯ್ಯೋ... ನಾನೇನು ಮಾಡಿಬಿಟ್ಟೆ!

ಸಿಕ್ಕ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ಗೇಟು ತಲುಪಿದಳು. ಅವನು ತನ್ನ ಗೂಡಂಗಡಿಯಷ್ಟಿದ್ದ ಕೋಣೆಯ ಮುಂದೆ ಬೂಟು ತೊಳೆಯುತ್ತಿದ್ದ.

"ಆ ಮಗ... ನೀವೇನಾ?"

ಅವನು ತಲೆ ಎತ್ತಲಿಲ್ಲ. "ನನ್ನನ್ನ ಸ್ಕೂಲಿಂದಲೇ ಬೇರೆ ಬಸ್ಸಲ್ಲಿ ಕರ್ಕೊಂಡು ಹೋದ್ರು. ಆಮೇಲೆ ಅಮ್ಮ ಸಿಕ್ಕಿದ್ಲು. ಎರಡು ವರ್ಷ ಆಸ್ಪತ್ರೆ. ಸಾಯೋ ಹೊತ್ತಲ್ಲೂ ಕೇಳಿದ್ದು ಅದನ್ನೇ... ಕೀ ಕೊಟ್ಯಾ ಅಂತ. ಕೊಟ್ಟೆ ಅಮ್ಮ ಅಂದೆ. ಸುಳ್ಳು. ಅದನ್ನ ನಿಜ ಮಾಡೋಕೇ ಈ ಕೆಲಸಕ್ಕೆ ಸೇರಿದೆ. ಹೋಗ್ತಾ ಬರ್ತಾ ಅಕ್ಕಪಕ್ಕದವರ ಚೀಟೀನೂ ಕಣ್ಣಿಗೆ ಬೀಳೋದು."

"ಅವತ್ತೇ ಹೇಳಬಾರ್ದಿತ್ತಾ?"

"ಆ ಚೀಟಿಗಳು ನಿಮಗೆ ಬರ್ದಿದ್ದಲ್ಲವಲ್ಲ."

ಅವಳ ಕಣ್ಣು ತುಂಬಿ ಬಂತು. "ಖಾಲಿ ಮನೆಗಳು ನನಗ್ಯಾಕೆ ಇಷ್ಟ ಗೊತ್ತಾ? ಅಲ್ಲಿ ಯಾರೂ ನನ್ನನ್ನ ಬಿಟ್ಟು ಹೋಗಲ್ಲ... ಮೊದಲೇ ಹೋಗಿರ್ತಾರೆ. ಹೋದವರ ಮಾತನ್ನೂ ಉಳಿಸೋರು ಇರ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ದೊಡ್ಡ ಕಚೇರಿಗೆ ನಾನೇ ಹೋಗ್ತೀನಿ. ಎಲ್ಲ ಸರಿ ಮಾಡಿ, ಮೂರು ದಿನದಲ್ಲಿ..."

"ಬೇಡ!" ಅವನು ತಟ್ಟನೆ ಎದ್ದುನಿಂತ. "ಆ ಮಾತೊಂದು ಹೇಳ್ಬೇಡಿ."

ಅವಳು ಹೇಳಲಿಲ್ಲ. ಚೀಟಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿ ಹೊರಟಳು.

ಕಚೇರಿಯಲ್ಲಿ ಎರಡು ದಿನ ಕಾಯಿಸಿದರು. ಶನಿವಾರ ಸಂಜೆ ಅಧಿಕಾರಿಣಿ ಚೀಟಿಗಳ ಫೋಟೋಗಳನ್ನು ಒಂದೊಂದಾಗಿ ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅವನು ಕೆಲಸದಲ್ಲೇ ಮುಂದುವರಿಯಲಿ ಎಂಬ ಆದೇಶಕ್ಕೆ ಸಹಿ ಹಾಕಿದರು.

ಭಾನುವಾರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಗೇಟು ತಲುಪುವಾಗ ಮೂರೂವರೆ. ಕೋಣೆ ಖಾಲಿ. ಬಾಗಿಲ ಮೇಲಿನ ಚೀಟಿಯೂ ಇಲ್ಲ! ಹರಿದು ಬಿಸಾಡಿದನೇ?

"ಒಳಗಿದ್ದಾರೆ. ಇವತ್ತೇ ಕೊನೆ," ಎಂದ ಕಾವಲುಗಾರ, ಅವಳ ಕೈಯಲ್ಲಿದ್ದ ಆದೇಶ ಓದಿ ಗೇಟು ತೆಗೆದ. "ನಾಲ್ಕರೊಳಗೆ ಬಂದ್ಬಿಡಿ!"

ಅವಳು ಓಡಿದಳು. ಎರಡೂ ಕಡೆ ಕಪ್ಪು ಕಿಟಕಿಗಳು. ಗಾಳಿಯಿಲ್ಲದಿದ್ದರೂ ಎಲ್ಲೋ ಒಂದು ಬಾಗಿಲು ಕಿರ್ರೆಂದಿತು. ತನ್ನದೇ ಹೆಜ್ಜೆಯ ಸದ್ದು ಹಿಂದಿನಿಂದ ಬಂದಂತಾಗಿ ಮೈ ನಡುಗಿತು. ತಿರುಗಿ ನೋಡಲಿಲ್ಲ.

ಮನೆಯೊಳಗೆ ಗಡಿಯಾರದ ಸದ್ದೇ ಇರಲಿಲ್ಲ.

ಇಲ್ಲ... ಇತ್ತು! ಟಿಕ್... ತುಂಬ ಹೊತ್ತಿನ ಮೇಲೆ ಇನ್ನೊಂದು ಟಿಕ್...

ಅವನು ಗಡಿಯಾರದ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಅವಳ ಚೀಟಿ. 'ಮೂರು ದಿನದಲ್ಲಿ ಬರುತ್ತೇನೆ. ಈ ಭಾನುವಾರದ ಕೀ ನನಗಾಗಿ ಬಿಟ್ಟಿರಿ.'

"ನಿಂತು ಹೋಗ್ತಿತ್ತಲ್ಲ! ನೀವೇ ಕೊಡಬಾರ್ದಿತ್ತಾ?"

"ಚೀಟೀಲಿ ಬರ್ದಿದ್ದನ್ನ ಮಾಡೋದಷ್ಟೇ ನನಗೆ ಗೊತ್ತು." ಅವನು ಚೀಟಿಯನ್ನು ಮೆಲ್ಲಗೆ ಜೇಬಿಗಿಟ್ಟ. "ಮೂರು ದಿನ ಅಂತ ಹೇಳಿ ಈ ಊರಿಗೆ ವಾಪಸ್ ಬಂದಿದ್ದು... ನೀವೊಬ್ರೇ."

ಅವಳು ಆದೇಶವನ್ನು ಮುಂದೆ ಹಿಡಿದಳು. ಅವನು ಕಾಗದ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ.

"ಮುಟ್ಲಾ?" ಅವಳು ಪಿಸುಗುಟ್ಟಿದಳು.

"ಮುಟ್ಟಿ."

ಅವಳು ಕೀಲಿಯನ್ನಲ್ಲ, ಕೀಲಿ ಹಿಡಿದ ಅವನ ಕೈಯನ್ನು ಹಿಡಿದಳು. ಇಬ್ಬರೂ ಸೇರಿ ತಿರುಗಿಸಿದರು. ಟಿಕ್, ಟಿಕ್, ಟಿಕ್... ಹೊರಗೆ ಸೈರನ್ ಕೂಗತೊಡಗಿತು.

"ಮುಂದಿನ ಭಾನುವಾರಕ್ಕೂ ಚೀಟಿ ಬರೀತೀರಾ?"

"ಇಲ್ಲ. ಇನ್ಮೇಲೆ ನಿಮ್ಮ ಜೊತೆನೇ ಬರ್ತೀನಿ... ನಿಮ್ಮ ಜೊತೆನೇ ಹೋಗ್ತೀನಿ."