ದಾರಿಗಲ್ಲು ಸರಿಸಿದವರು

ಸುವೈಲಿಮನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ಬೆಳಿಗ್ಗೆ ಅವನ ಮಗಳು ನೈಫಾ ನಮ್ಮ ಮನೆ ಬಾಗಿಲಿಗೆ ಬಂದಳು. ಮನೆಯಲ್ಲಿದ್ದವರು ಇಬ್ಬರೇ, ಫರ್ರಾಜ್ ಮತ್ತು ನಾನು. ಮರುಭೂಮಿಯ ಪಹರೆ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ಅವನು ಹೆಜ್ಜೆಗುರುತು ಓದಿದ, ನಾನು ಅವನ ಜೀಪು ಓಡಿಸಿದೆ. ನಿವೃತ್ತಿಯಾದ ಮೇಲೂ ಜೋರ್ಡಾನಿನ ಈ ದಕ್ಷಿಣದ ಮೂಲೆಯಲ್ಲಿ ಒಂಟೆ ಕಳೆದರೂ ಮನುಷ್ಯ ಕಳೆದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ಬಾಯಿ ಬಿಡುವುದು ಅಪರೂಪ. ಅವನ ಪಾಲಿನ ಮಾತನ್ನೂ ನಾನೇ ಆಡಿ ಅಭ್ಯಾಸ.

ನೈಫಾ ಕೂರಲಿಲ್ಲ. ಅವಳ ಕುಂಟು ಮೇಕೆ ಹಿಂಗಾಲು ಎಳೆಯುತ್ತಾ ಬಂದು ಹೊಸ್ತಿಲಲ್ಲಿ ನಿಂತಿತು.

"ದೊಡ್ಡಪ್ಪ, ನಮ್ಮಪ್ಪ ದಾರಿ ತಪ್ಪಿ ಸಾಯೋ ಮನುಷ್ಯನಾ?" ಎಂದು ಫರ್ರಾಜನನ್ನು ಕೇಳಿದಳು. ನೆಂಟನಲ್ಲದಿದ್ದರೂ ಅವಳು ಅವನನ್ನು ಕರೆಯುತ್ತಿದ್ದದ್ದು ಹಾಗೆ.

ಅಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ದೀಪದ ಸರ ತೂಗುಬಿಟ್ಟ ಗುಡಾರಗಳ ಸಾಲು, ಹಾಡು, ಗದ್ದಲ ಸಾಕಾಗಿ ಬಂದ ಪ್ರವಾಸಿಗರನ್ನು ಯಾರೂ ಇಲ್ಲದ ಜಾಗಕ್ಕೆ ಕರೆದೊಯ್ಯುವುದೇ ಸುವೈಲಿಮನ ಕಸುಬು. ಗುಡಾರವಿಲ್ಲ, ದೀಪವಿಲ್ಲ, ಒಂದು ಕಂಬಳಿ, ಒಂದು ಕಾಫಿ ಹೂಜಿ. ಅಂಥ ಜಾಗಗಳಲ್ಲೆಲ್ಲ ಮೇಲಾದದ್ದು ಮೂಕಿ ಕಣಿವೆ. ಬಂಡೆಯ ಪೊಟರೆಯಲ್ಲಿ ಮಳೆನೀರು ನಿಲ್ಲುವ ಆ ಜಾಗದ ದಾರಿ ಅಪ್ಪ ಮಗಳಿಗೆ ಬಿಟ್ಟರೆ ಬೇರೆಯವರಿಗೆ ತಿಳಿದಿರಲಿಲ್ಲ. ನೀರು ಎಷ್ಟಿದೆ ನೋಡಿ ಬರುತ್ತೇನೆಂದು ಹೋದವನು ಪಕ್ಕದ ಕೊರಕಲಿನಲ್ಲಿ, ಮೂರಾಳು ಎತ್ತರದ ಒಣ ಜಲಪಾತದ ಕೆಳಗೆ ಹೆಣವಾಗಿ ಸಿಕ್ಕಿದ್ದ.

"ಮುತ್ಲಕನೇ ತಳ್ಳಿದ್ದು ಅಂತ ಊರೇ ಹೇಳ್ತಿದೆ," ಎಂದಳು ನೈಫಾ. "ನಂಗೆ ಊರಿನ ಮಾತು ಬೇಡ. ನಿಮ್ಮ ಮಾತು ಬೇಕು. ಹೆಸರು ಸಿಕ್ಕಿದ್ರೆ ಎಲ್ಲರ ಮುಂದೆ ಹೇಳ್ಬೇಕು. ನನ್ನನ್ನ ಮೂಲೆಗೆ ಕರೆದು ಪಿಸುಗುಟ್ಟಬಾರ್ದು. ಮಾತು ಕೊಡಿ."

ಫರ್ರಾಜ್ ತನ್ನ ಗಡ್ಡ ಮುಟ್ಟಿ ಮಾತು ಕೊಟ್ಟ. ಆಗ ನಾನು ಅವನ ಕೈ ಹಿಡಿದು ತಡೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮುತ್ಲಕನ ಮೇಲೆ ಅನುಮಾನಕ್ಕೆ ಕಾರಣವಿತ್ತು. ಪ್ರವಾಸಿಗರಿಗೆಂದು ಹಾಕಿದ ಅರವತ್ತು ಗುಡಾರಗಳ ಯಜಮಾನ ಅವನು. ಎರಡು ತಿಂಗಳ ಹಿಂದೆ ಸುವೈಲಿಮನ ಮನೆಗೆ ಹಿರಿಯರ ಜೊತೆ ಹೋದಾಗ ಸುವೈಲಿಮ ಅವನಿಗೆ ಕಾಫಿಯ ಬಟ್ಟಲನ್ನು ಕಂಠಮಟ್ಟ ತುಂಬಿ ಕೊಟ್ಟಿದ್ದ. ನಮ್ಮಲ್ಲಿ ತಳ ಮುಚ್ಚುವಷ್ಟೇ ಹೊಯ್ಯುವುದು ಮರ್ಯಾದೆ. ತುಂಬ ಹೊಯ್ದರೆ, ಕುಡಿದು ಎದ್ದು ಹೋಗು ಎಂದು ಮುಖಕ್ಕೆ ಹೊಡೆದಂತೆ. ಮುತ್ಲಕ್ ಬಟ್ಟಲನ್ನು ನೆಲಕ್ಕೆ ಚೆಲ್ಲಿ, "ಇದಕ್ಕೆ ನೀನು ಅನುಭವಿಸ್ತೀಯ," ಎಂದು ಎದ್ದು ಬಂದಿದ್ದ. ಸಾಲದ್ದಕ್ಕೆ, ಸುವೈಲಿಮ ಸತ್ತ ದಿನ ಕೊರಕಲಿನ ಬಾಯಲ್ಲಿ ಮುತ್ಲಕನ ಗಾಡಿಯ ಚಕ್ರದ ಗುರುತು ಸಿಕ್ಕಿತ್ತು. ಶುಕ್ರವಾರದ ನಮಾಜಿನ ಬಳಿಕ ಕುಲದ ಹಿರಿಯ ಹಾಜಿ ದಖೀಲ್ ತೀರ್ಪು ಹೇಳುವವರಿದ್ದರು. ಕೊಂದವನೆಂದು ತೀರ್ಮಾನವಾದರೆ ನಮ್ಮ ಕಟ್ಟಳೆಯಂತೆ ಮುತ್ಲಕನ ಮನೆಯ ಮೂವತ್ತೆಂಟು ಜನ, ಹಸುಗೂಸುಗಳೂ ಸೇರಿ, ಊರು ಬಿಡಬೇಕು.

ನಾವು ಮೊದಲು ಮುತ್ಲಕನ ಬಳಿಗೇ ಹೋದೆವು. ಅವನ ಹೆಂಗಸರು ಆಗಲೇ ಪಾತ್ರೆ ಕಟ್ಟುತ್ತಿದ್ದರು.

"ಆ ಕೊರಕಲಿನ ಹತ್ತಿರ ನಿಂಗೇನು ಕೆಲಸ?" ಎಂದು ಕೇಳಿದೆ.

"ಜಾಗ ಹುಡುಕೋಕೆ ಹೋಗಿದ್ದೆ, ಸಬ್ಬಾಹಣ್ಣ. ಅರವತ್ತು ಗುಡಾರ ಹಾಕ್ಕೊಂಡು ಕೂತಿದೀನಿ, ಬಂದವರೆಲ್ಲ ಯಾರೂ ಇಲ್ಲದ ಜಾಗ ತೋರ್ಸು ಅಂತಾರೆ. ನನ್ನ ಗುಡಾರದಲ್ಲಿ ಮಲಗಿ ನನ್ನನ್ನೇ ಬೈತಾರೆ. ಗಾಡಿ ಒಳಗೆ ಹೋಗ್ಲಿಲ್ಲ, ತಿರುಗಿಸ್ಕೊಂಡು ಬಂದೆ."

"ಅವತ್ತು ಆ ಬಟ್ಟಲು ಕೊಟ್ಟಾಗ ಸುವೈಲಿಮ ನಿನ್ನ ಮುಖ ನೋಡಿದ್ನಾ?" ಎಂದ ಫರ್ರಾಜ್.

ಮುತ್ಲಕ್ ಯೋಚಿಸಿದ. "ಇಲ್ಲ. ಬೇರೆ ಕಡೆ ನೋಡ್ತಿದ್ದ. ಅದೇ ನಂಗೆ ಇನ್ನೂ ಉರಿದಿದ್ದು."

ಅಲ್ಲಿಂದ ಕೊರಕಲಿಗೆ ಹೋದೆವು. ಗಾಳಿ ತಾಗದ ಜಾಗವಾದ್ದರಿಂದ ಗುರುತುಗಳು ಅಳಿಸಿರಲಿಲ್ಲ. ಗಾಡಿ ಒಳಗೆ ಹೋದ ಗುರುತು, ಹೊರಗೆ ಬಂದ ಗುರುತು ಎರಡೂ ಇದ್ದವು, ಎರಡರ ಮೇಲೂ ಸುವೈಲಿಮನ ಚಪ್ಪಲಿಯ ಅಚ್ಚಿತ್ತು. ಮುಂದೆ ಮೂಕಿ ಕಣಿವೆಗೆ ದಾರಿ ಬಲಕ್ಕೆ ಒಡೆಯುವಲ್ಲಿ ಫರ್ರಾಜ್ ಮಂಡಿಯೂರಿದ. ಅಲ್ಲಿಯವರೆಗೂ ನಲವತ್ತು ನಲವತ್ತು ಹೆಜ್ಜೆಗೊಂದು ದಾರಿ ತೋರುವ ಕಲ್ಲುಗುಪ್ಪೆ, ಪ್ರತಿಯೊಂದರ ನೆತ್ತಿಗೂ ಸುಣ್ಣ ಬಳಿದ ಕಲ್ಲು. ಬಲಗಡೆ ದಾರಿಯಲ್ಲಿ ಗುಪ್ಪೆಗಳಿರಲಿಲ್ಲ, ಅವು ಕೂತಿದ್ದ ಕಡೆ ನೆಲ ಮಾತ್ರ ದುಂಡಗೆ ಬಿಳಚಿಕೊಂಡಿತ್ತು. ಗುಪ್ಪೆಗಳೆಲ್ಲ ಎಡಕ್ಕೆ, ಒಣ ಜಲಪಾತದ ಕಡೆಗೆ ಹೋಗಿದ್ದವು. ಅವುಗಳ ಸುತ್ತ, ಕಲ್ಲಿಟ್ಟವರ ಹೆಜ್ಜೆಯನ್ನು ತುಳಿದು ಅಳಿಸಿದ ಮೇಕೆಗಳ ಗೊರಸಿನ ಗುರುತು. ಅವುಗಳ ನಡುವೆ ಮರಳಿನಲ್ಲಿ ಉದ್ದಕ್ಕೂ ಒಂದು ಗೀರು.

"ಮೇಕೆ ಹೆಜ್ಜೆ ನೋಡ್ತಾ ಎಷ್ಟು ಹೊತ್ತು ಕೂರ್ತೀಯ, ಬಿಸಿಲು ನೆತ್ತಿ ಸುಡ್ತಿದೆ," ಎಂದೆ.

ಅವನು ತಲೆಯೆತ್ತಲಿಲ್ಲ. "ಸಬ್ಬಾಹ್, ಮಣ್ಣು ಮಾಡೋ ಮುಂಚೆ ಸುವೈಲಿಮನ ಮೈ ತೊಳೆದವನು ನೀನು. ಕೈ ಹೇಗಿತ್ತು?"

"ಬಲಗೈ ಹೆಬ್ಬೆರಳ ತುದಿ ಬೆಂದು ಬೊಬ್ಬೆಯೆದ್ದಿತ್ತು. ಹಳೆಯ ಗಾಯದ ಮೇಲೆ ಹೊಸ ಗಾಯ."

ಫರ್ರಾಜನ ಮುಖ ಬಾಡಿತು. ಹಿಂದಿರುಗುವಾಗ ನೈಫಾಳ ಮನೆಯ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಆ ಸುಣ್ಣದ ಗುಪ್ಪೆ ಯಾವಾಗಿನದು ಎಂದು ಕೇಳಿದ.

"ಹೋದ ಚಳಿಗಾಲದಲ್ಲಿ ಅಪ್ಪ ಇಟ್ಟಿದ್ದು. ಯಾಕೆ ಅಂದ್ರೆ, ಬರೋ ಅತಿಥಿಗಳಿಗೆ ಇರ್ಲಿ ಅಂದ್ರು. ಅಪ್ಪಂಗೆ ಕಲ್ಲು ಯಾಕೆ ಬೇಕು ದೊಡ್ಡಪ್ಪ? ಅವರ ಕಾಲಿಗೇ ದಾರಿ ಗೊತ್ತಿತ್ತು."

ಅವನು ಬೇರೇನೂ ಕೇಳಲಿಲ್ಲ. ಮನೆಗೆ ಬಂದು ಊಟ ಬೇಡವೆಂದ. ಏನಾಯಿತೆಂದು ಕೇಳಿದ್ದಕ್ಕೆ, "ಮಾತು ಕೊಟ್ಟುಬಿಟ್ಟೆನಲ್ಲೋ," ಎಂದಷ್ಟೇ ಅಂದ.

ಶುಕ್ರವಾರ ಹಾಜಿ ದಖೀಲರ ಉದ್ದನೆಯ ಕಪ್ಪು ಗುಡಾರದಲ್ಲಿ ಊರೇ ಸೇರಿತ್ತು. ಮುತ್ಲಕ್ ಒಂದು ಕಂಬದ ಬಳಿ, ನೈಫಾ ಎದುರಿಗೆ. ಫರ್ರಾಜ್ ನಿಂತುಕೊಂಡೇ ಮಾತಾಡಿದ.

"ಗಾಡಿ ಹೊರಗೆ ಹೋದ ಗುರುತಿನ ಮೇಲೆ ಸುವೈಲಿಮನ ಹೆಜ್ಜೆಯಿದೆ. ಅವನು ಅಲ್ಲಿಗೆ ಬರೋ ಹೊತ್ತಿಗೆ ಮುತ್ಲಕ್ ಹೋಗಿಯಾಗಿತ್ತು. ಜಲಪಾತದ ನೆತ್ತಿಯಲ್ಲಿ ಇರೋದು ಒಬ್ಬನದೇ ಹೆಜ್ಜೆ. ಓಡಿಲ್ಲ, ಜಾರಿಲ್ಲ, ಅಂಚಿನಲ್ಲಿ ನಿಂತೂ ಇಲ್ಲ. ಮಾಮೂಲಿ ನಡಿಗೇಲಿ ಅಂಚು ದಾಟಿಬಿಟ್ಟಿದ್ದಾನೆ."

"ಆ ಕೊರಕಲಿಗೆ ಯಾಕೆ ಹೋದ?" ಎಂದರು ಹಾಜಿ ದಖೀಲ್.

"ಕಲ್ಲುಗುಪ್ಪೆ ಅಲ್ಲಿಗೆ ಕರೆದವು. ಮೂಕಿ ದಾರಿಯ ಗುಪ್ಪೆಗಳನ್ನ ಯಾರೋ ಕಿತ್ತು ಎಡಕ್ಕೆ ಇಟ್ಟಿದ್ದಾರೆ."

ಗುಡಾರದಲ್ಲಿ ಗುಸುಗುಸು ಎದ್ದಿತು. ನೈಫಾ ಹುಬ್ಬು ಗಂಟಿಕ್ಕಿದಳು. ಯಾರೋ ತಪ್ಪು ಲೆಕ್ಕ ಹೇಳಿದಾಗ ತಿದ್ದುವವಳಂತೆ ಮಾತಾಡಿದಳು.

"ಅದು ಬೇರೆ ವಿಷಯ ದೊಡ್ಡಪ್ಪ, ಇದಕ್ಕೆ ಸೇರಿಸ್ಬೇಡಿ. ಕಲ್ಲು ಸರಿಸಿದ್ದು ನಾನು. ಹೋದ ತಿಂಗಳು ಯಾರೋ ಆ ಸುಣ್ಣ ಹಿಡ್ಕೊಂಡು ಮೂಕಿ ತನಕ ಹೋಗಿ ನೀರಿಗೆ ಡಬ್ಬ, ಎಲುಬು ಎಸೆದು ಬಂದಿದ್ರು. ಅಪ್ಪ ನೋಡಿದ್ರೆ ಎದೆ ಒಡ್ಕೊಳ್ಳೋರು. ಎಡಕ್ಕೆ ಹೋದ್ರೆ ಮುಂದೆ ಪಾತಾಳ ಕಾಣುತ್ತೆ, ವಾಪಸ್ ಹೋಗ್ತಾರೆ ಅಂತ ಇಟ್ಟೆ. ಕಣ್ಣಿದ್ದವರು ಯಾರಾದ್ರೂ ಬೀಳ್ತಾರಾ?"

 ಫರ್ರಾಜ್ ಅಷ್ಟಕ್ಕೇ ನಿಲ್ಲಿಸಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಆದರೆ ಮುತ್ಲಕನ ಮನೆಯವರು ಗಂಟುಮೂಟೆಯ ಮೇಲೆ ಕೂತಿದ್ದರು, ನೈಫಾ ತಾನೇ ಮಾತು ತೆಗೆದುಕೊಂಡಿದ್ದಳು.

"ನಿಂಗೆ ಕೊಟ್ಟ ಮಾತು ನೀನು ವಾಪಸ್ ಕೊಟ್ರೆ ಇಲ್ಲಿಗೆ ಮುಗಿಸ್ತೀನಿ ಮಗಳೇ," ಎಂದ.

"ಕೊಡಲ್ಲ," ಎಂದಳು.

"ದಾರಿಹೋಕರಿಗೆ ಇನ್ನೂರು ಹೆಜ್ಜೆಗೊಂದು ಗುಪ್ಪೆ ಸಾಕು. ಸುವೈಲಿಮ ನಲವತ್ತಕ್ಕೊಂದು ಇಟ್ಟ, ಸುಣ್ಣವನ್ನೂ ಬಳಿದ. ಅವು ಅತಿಥಿಗಳಿಗಲ್ಲ, ಅವನಿಗೇ. ಅವನ ಬಲಗೈ ಹೆಬ್ಬೆರಳು ಬೆಂದಿತ್ತು, ಬಟ್ಟಲಿನೊಳಗೆ ಬೆರಳಿಟ್ಟು ಕಾಫಿ ಎಲ್ಲಿಗೆ ಬಂತು ಅಂತ ನೋಡ್ಕೊಳ್ತಿದ್ದ. ಹಿರಿಯರ ಮುಂದೆ ಹಾಗೆ ಬೆರಳಿಡೋಕಾಗ್ಲಿಲ್ಲ, ಬಟ್ಟಲು ತುಂಬಿಹೋಯ್ತು. ನಾವೆಲ್ಲ ಅದನ್ನ ಅವಮಾನ ಅಂದ್ಕೊಂಡ್ವಿ. ಮುತ್ಲಕಾ, ಅವನು ನಿನ್ನ ಮುಖ ನೋಡ್ಲಿಲ್ಲ, ಯಾಕಂದ್ರೆ ಅವನಿಗೆ ಮುಖ ಕಾಣ್ತಿರಲಿಲ್ಲ. ಹತ್ತಿರದ ಬಿಳಿ ಸುಣ್ಣ ಅಷ್ಟೇ ಕಾಣ್ತಿತ್ತು. ಅವಮಾನ ಮಾಡಿದವನು ಅನ್ನಿಸ್ಕೊಂಡ, ಕಣ್ಣು ಹೋಯ್ತು ಅಂತ ಒಪ್ಪಲಿಲ್ಲ. ಒಪ್ಪಿದ್ರೆ ಮಾರನೇ ದಿನದಿಂದ ಅವನ ಜೊತೆ ಯಾರು ಮರಳಿಗೆ ಇಳೀತಿದ್ರು? ಕಲ್ಲುಗಳ ಹತ್ತಿರ ನಿನ್ನ ಕುಂಟು ಮೇಕೆ ಕಾಲೆಳೆದ ಗೀರು ಕಂಡಾಗಲೇ ಅವನ್ನ ಸರಿಸಿದ್ದು ನೀನು ಅಂತ ನಂಗೆ ಗೊತ್ತಾಯ್ತು, ಮಗಳೇ."

ಮುತ್ಲಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ಉಳಿದವರು ನೈಫಾಳನ್ನು ನೋಡಲಾರದೆ ನೆಲ ನೋಡುತ್ತಿದ್ದರು. ಅವಳು ಅಳಲಿಲ್ಲ. ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಇಪ್ಪತ್ತಾರು ವರ್ಷ ಕಳ್ಳರನ್ನೂ ಕೊಲೆಗಾರರನ್ನೂ ಹಿಡಿದುಕೊಟ್ಟ ನನಗೆ ಅವತ್ತು ಫರ್ರಾಜನ ವಿದ್ಯೆಯ ಮೇಲೆಯೇ ಅಸಹ್ಯವಾಯಿತು.

"ಅಪ್ಪ ನಂಗಾದ್ರೂ ಹೇಳ್ಬಹುದಿತ್ತಲ್ಲ," ಎಂದಳು. "ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ."

ಹಾಜಿ ದಖೀಲ್ ತೀರ್ಪು ಹೇಳಿದರು. ಮುತ್ಲಕನ ಮನೆಯವರು ಎಲ್ಲಿಗೂ ಹೋಗಬೇಕಿಲ್ಲ ಎಂದರು. ಆಮೇಲೆ, ಐವತ್ತು ವರ್ಷ ಇಂಥ ಸಭೆ ನಡೆಸಿದ ಅಭ್ಯಾಸಬಲದಿಂದ, ಕಟ್ಟಕಡೆಯದಾಗಿ ಕೇಳಲೇಬೇಕಾದ ಮಾತು ಅವರ ಬಾಯಿಂದ ಹೊರಟುಬಿಟ್ಟಿತು. "ಸತ್ತವನ ಕಡೆಯವರು ಏನು ಕೇಳ್ತಾರೆ?"

ಕೇಳಿದ ಮೇಲೆ ಅವರಿಗೇ ಅರಿವಾಗಿ ತುಟಿ ಕಚ್ಚಿಕೊಂಡರು. ಸುವೈಲಿಮನ ಕಡೆಯವರು ಅಂತ ಇದ್ದದ್ದು ಅವಳೊಬ್ಬಳೇ.

ನೈಫಾ ಎದ್ದು ನಿಂತಳು. "ಕೊಂದವರ ಮುಖ ಸತ್ತವರ ಮನೆಯವರ ಕಣ್ಣಿಗೆ ಬೀಳಬಾರ್ದು ಅಂತ ತಾನೆ ಊರು ಬಿಡಿಸೋದು?" ಎಂದಳು. "ನಾನು ಎಲ್ಲಿಗೆ ಹೋಗ್ಲಿ, ತಾತ?"

 ಮೊದಲು ಎದ್ದವನು ಮುತ್ಲಕ್. ತನ್ನ ಹೆಂಡತಿಯನ್ನು ಕರೆದು, ಆ ಹುಡುಗಿಯ ಪಕ್ಕ ಕೂರು ಎಂದ. ಅವಳು ಹೋಗಿ ಕೂತಳು. ನೈಫಾ ಮಾತ್ರ ಸಂಜೆಯವರೆಗೂ ನಿಂತೇ ಇದ್ದಳು.